ಕ್ಯಾರವಾನ್ ಗಾಡಿದ ಕರೆಂಟ್ ಮೆಟ್ಟಿಲು ರಿಪೇರಿ: ಕಲಬುರಗಿ ಹುಮ್ನಾಬಾದ್ ರಿಂಗ್ ರೋಡ್ ಕಡಿ ಅಂಗಡಿ ರಿವ್ಯೂ

ಮೊದಲೇ ಹೇಳಿಬಿಡ್ತೀನಿ, ಐದಕ್ಕ ನಾಲ್ಕೂವರಿ ಸ್ಟಾರ್ ಕೊಡ್ಲಿಕತ್ತೀನಿ, ಅರ್ಧ ಯಾಕ ಕಮ್ಮಿ ಅಂತ ಕೆಳಗ ಬರ್ದೀನಿ. ಹುಮ್ನಾಬಾದ್ ರಿಂಗ್ ರೋಡ್ ದಾಟಿ ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡಿ ಹೋಗೋ ದಾರಿದಾಗ ಲಾರಿ ಟ್ರ್ಯಾಕ್ಟರ್ ವಾಯರಿಂಗ್ ಮಾಡೋ ಅಂಗಡಿಗೋಳು ಅವಲ್ಲ, ಅದರಾಗ ಒಂದು ತಗಡಿನ ಶೆಡ್ಡು. ಹೊರಗ ಹಳೇ ಡೈನಮೋ, ಸೆಲ್ಫ್ ಮೋಟರ್ ಗುಡ್ಡೆ ಬಿದ್ದಿರತಾವ. ಹೆಸರು ಹಾಕಬ್ಯಾಡ್ರಿ ಅಂತ ಅಂಗಡಿ ಉಸ್ತಾದರೇ (ಹಿರೇ ಮೇಸ್ತ್ರಿನೇ) ಹೇಳ್ಯಾರ, ಅದಕ್ಕ ಹಾಕಿಲ್ಲ, ಆದ್ರ ಆ ಸಾಲಿಗಿ ಹೋಗಿ ಕ್ಯಾರವಾನ್ ಮೆಟ್ಟಿಲು ಮಾಡಿದೋರು ಯಾರ್ರಿ ಅಂತ ಕೇಳಿದ್ರ ಚಾ ಅಂಗಡಿಯವನೇ ಕೈ ಮಾಡಿ ತೋರಿಸ್ತಾನ. ಮೋಟರ್‌ಹೋಮಿನ ಮೆಟ್ಟಿಲು ಅಂದ್ರ ಪುಣಾ, ಹೈದರಾಬಾದ್, ಬೆಂಗಳೂರಿಗೇ ಒಯ್ಯಬೇಕು ಅಂತ ನಮ್ಮ ಕಡಿ ಎಲ್ಲರೂ ತಿಳ್ಕೊಂಡಾರ, ಹಂಗೇನೂ ಇಲ್ಲ ಅಂತ ಹೇಳ್ಲಿಕ್ಕೇ ಇಷ್ಟು ಉದ್ದ ಬರಿಲಿಕತ್ತೀನಿ.

ನಮ್ಮದು ಟ್ರಾವೆಲರ್ ಗಾಡಿ, ಒಳಗ ಮಂಚ, ಸಣ್ಣ ಅಡಗಿ ಕಟ್ಟಿ, ಟಾಯ್ಲೆಟ್ ಎಲ್ಲಾ ಹಾಕಿ ಕ್ಯಾರವಾನ್ ಮಾಡ್ಸಿದ್ದು. ಮಾಡ್ಸಿದ್ದೇ ಅವ್ವನ ಸಲುವಾಗಿ. ಅಕಿಗಿ ಮೊಣಕಾಲು ನೋವು, ಹೋಟೆಲ್ ಟಾಯ್ಲೆಟ್ಟಿಗಿ ಹೋಗಲ್ಲ, ಆದ್ರ ಹುಣ್ಣಿಮಿ ಬಂದ್ರ ಗಾಣಗಾಪುರಕ್ಕ ಹೋಗಬೇಕು, ಭೀಮಾ ಅಮರ್ಜಾ ಸಂಗಮದಾಗ ಕಾಲು ತೊಯಿಸ್ಕೋಬೇಕು, ಬೀದರಿಗಿ ಹೋದ್ರ ನರಸಿಂಹ ಝರಣಿ ಆಗಲೇಬೇಕು. ಗಾಡಿ ಫ್ಲೋರ್ ನೆಲದಿಂದ ಎಷ್ಟು ಎತ್ತರ ಇರತದ ಅಂತ ಟ್ರಾವೆಲರ್ ಹತ್ತಿದೋರಿಗಿ ಗೊತ್ತದ. ವಯಸ್ಸಾದೋರು ಒಂದೇ ಹೆಜ್ಜಿದಾಗ ಹತ್ತೋದು ಆಗದ ಮಾತು. ಹಂಗಾಗಿ ಬಾಗಿಲ ಕೆಳಗ ಎರಡು ಮೆಟ್ಟಿಲಿನ ಎಲೆಕ್ಟ್ರಿಕ್ ಫೋಲ್ಡಿಂಗ್ ಸ್ಟೆಪ್ ಹಾಕ್ಸಿದ್ವಿ, ಬಾಗಿಲಾ ತೆಗೆದ್ರ ಹೊರಗ ಬರತದ, ಹಾಕಿದ್ರ ಒಳಗ ಮಡಚ್ಕೋತದ. ಮೆಟ್ಟಿಲಿನ ಕಂಪನಿ ಹೆಸರು ಬರಿಯಂಗಿಲ್ಲ, ಬೇಕಾಗೂ ಇಲ್ಲ. ಅಮೆರಿಕಾದ ಮೋಟರ್‌ಹೋಮಿಗಿ ಬರೋ ಕ್ವಿಕೀ ಇರಲಿ, ಯುರೋಪ್ ಗಾಡಿಗಿ ಬರೋ ಥ್ಯೂಲೆ ಇರಲಿ, ಇಲ್ಲೇ ಬಾಡಿ ಕಟ್ಟೋರು ತರಿಸಿ ಹಾಕೋ ಮಾಲ್ ಇರಲಿ, ಮುಖ್ಯ ಸಾಮಾನು ಇಷ್ಟೇ: ಒಂದು 12 ವೋಲ್ಟಿನ ಮೋಟರು ಅದಕ್ಕ ಗೇರು, ಹೊರಗ ಒಳಗ ಆಗೋ ಕೈಗೋಳು ಇಲ್ಲಾ ಜಾರೋ ಪಟ್ಟಿ, ಚಾಲೂ ಬಂದ್ ಮಾಡೋ ಸ್ವಿಚ್ಚು, ಫ್ಯೂಜು. ಬಾಗಿಲಾ ನೋಡಿ ತಾನೇ ಹೊರಗ ಒಳಗ ಆಗೋ ಮೆಟ್ಟಿಲಾದ್ರ ಬಾಗಿಲಿಗಿ ಮ್ಯಾಗ್ನೆಟ್ ಸ್ವಿಚ್ ಮತ್ತ ಇದನ್ನೆಲ್ಲ ನಡಸೋ ಸಣ್ಣ ಕಂಟ್ರೋಲ್ ಡಬ್ಬಿ ಕೂಡಿರತಾವ.

ಮೆಟ್ಟಿಲು ಒಂದು ಸಾಮಾನಾಗಿ ಹ್ಯಾಂಗದ ಅಂತ ಕೇಳಿದ್ರ, ಇದು ಇಲ್ಲದ ಗಾಡಿ ನಾ ಇನ್ನ ಮ್ಯಾಲ ತಗೊಳ್ಳಂಗಿಲ್ಲ. ಅವ್ವ ಬಾಗಿಲ ಹಿಡಿಕಿ ಹಿಡ್ಕೊಂಡು ಯಾರ ಕೈನೂ ಬೇಡದೆ ಇಳೀತಾಳ, ಅದಕ್ಕಿಂತ ದೊಡ್ಡದು ನಮಗೇನಿಲ್ಲ. ಆದ್ರ ನಮ್ಮ ನೆಲಕ್ಕ, ನಮ್ಮ ಧೂಳಿಗಿ ಇದನ್ನ ಮಾಡಿಲ್ಲ ಅನ್ನೋದೂ ಖರೇ. ಮೋಟರು ಮತ್ತ ಕಪ್ಲರು (ವಾಯರ್ ಜೋಡ್ಸೋ ಪ್ಲಗ್) ಎರಡೂ ಗಾಡಿ ಹೊಟ್ಟಿ ಕೆಳಗ, ಟೈರಿನ ರಾಡಿ ಎಲ್ಲಾ ಅಲ್ಲೇ ಬಡೀತದ. ಹಾಕ್ಸೋರು ಮೊದಲ ದಿನಾನೇ ಮೋಟರಿಗಿ ಒಂದು ರಬ್ಬರ್ ಪರದಾ ಹಾಕ್ಸಿಬಿಡ್ರಿ, ಬಾಡಿ ಕಟ್ಟೋರು ಕೇಳದಿದ್ರ ಹಾಕಂಗಿಲ್ಲ.

ಈಗ ಹಕೀಕತ್ತಿಗಿ ಬರ್ತೀನಿ. ಮಳಿಗಾಲ ಮುಗಿಯೋ ಹೊತ್ತಿಗಿ ಮೆಟ್ಟಿಲು ಅರ್ಧಕ್ಕ ನಿಲ್ಲಲಿಕ್ಕೆ ಚಾಲೂ ಮಾಡ್ತು. ಬಾಗಿಲಾ ತೆಗೆದ್ರ ಟಕ್ ಅಂತ ಸಪ್ಪಳ, ಒಂದು ಗೇಣು ಹೊರಗ ಬಂದು ನಿಲ್ಲತಿತ್ತು. ಒಮ್ಮೊಮ್ಮೆ ಪೂರಾ ಬರತಿತ್ತು, ಬಂದ್ರ ಹೊಳ್ಳಿ ಒಳಗ ಹೋಗ್ತಿರಲಿಲ್ಲ. ಒಂದು ವಿಚಿತ್ರ ಏನಂದ್ರ ಇಂಜಿನ್ ಚಾಲೂ ಇದ್ದಾಗ ಸ್ವಲ್ಪ ಛಲೋ ನಡೀತಿತ್ತು, ಬಂದ್ ಮಾಡಿದ್ರ ಮತ್ತ ಅದೇ ಹಣೆಬರಹ. ಬಾಡಿ ಕಟ್ಟಿದೋರಿಗಿ ಫೋನ್ ಮಾಡಿದ್ರ ಗಾಡಿ ನೋಡದೇನೇ ಮೋಟರ್ ಹೋಗ್ಯದ, ಮೋಟರ್ ಬ್ಯಾರೆ ಸಿಗಂಗಿಲ್ಲ, ಪೂರಾ ಅಸೆಂಬ್ಲಿ ಬದಲಿ ಮಾಡಬೇಕು, ಗಾಡಿ ಇಲ್ಲಿಗೇ ತರ್ರಿ ಅಂದ್ರು. ಹೇಳಿದ ರೊಕ್ಕ ಕೇಳಿ ಮನ್ಯಾಗ ಎಲ್ಲರೂ ಸುಮ್ಮನಾದ್ರು. ಇಂಜಿನ್ ಚಾಲೂ ಇದ್ದಾಗ ಯಾಕ ನಡೀತದ ಅಂತ ಕೇಳಿದ್ರ ಅದಕ್ಕ ಜವಾಬೇ ಇಲ್ಲ. ಗಿರಾಕಿ ಒಂದು ಗುರುತು ಹೇಳಿದಾಗ ಅದನ್ನ ಕೇಳಿಸ್ಕೊಂಡು ವಿಚಾರ ಮಾಡೋದು ಬಿಟ್ಟು ದೊಡ್ಡ ಬಿಲ್ಲಿನ ಕಡೆ ನೋಡೋದು ನನಗಂತೂ ಸೇರಲಿಲ್ಲ.

ನಮ್ಮ ಕಾಕಾನ ಟ್ರ್ಯಾಕ್ಟರ್ ವಾಯರಿಂಗ್ ಇದೇ ಉಸ್ತಾದರು ಮಾಡಿದ್ರು, ಹಂಗಾಗಿ ಕಾಕಾನೇ ಕರ್ಕೊಂಡು ಹೋದ. ಉಸ್ತಾದರು ಮೊದಲು ಕೈಗಿ ಪಾನಾ ತಗೊಳ್ಳಲಿಲ್ಲ. ಬಾಗಿಲಾ ತೆಗೀರಿ, ಹಾಕ್ರಿ, ಮತ್ತೊಮ್ಮಿ ತೆಗೀರಿ ಅಂತ ಹೇಳಿ ಕೆಳಗ ಕುಂತು ಬರೇ ಸಪ್ಪಳ ಕೇಳಿದ್ರು. ಆಮ್ಯಾಲ ನನಗೂ ತಿಳಿಸಿ ಹೇಳಿದ್ರು, ಈ ಮಾತು ಇಂಥ ಭಾಳ ಮೆಟ್ಟಿಲಿಗಿ ಹೊಂದತದ ಅದಕ್ಕ ಬರೀತೀನಿ. ಸಪ್ಪಳನೇ ಇಲ್ಲ ಅಂದ್ರ ಕರೆಂಟೇ ಬರ್ಲಿಕತ್ತಿಲ್ಲ, ಇಲ್ಲಾ ಡಬ್ಬಿಗಿ ಬಾಗಿಲಾ ತೆಗೆದದ್ದು ಗೊತ್ತಾಗವಲ್ದು, ಫ್ಯೂಜು, ಸ್ವಿಚ್ಚು, ಮ್ಯಾಗ್ನೆಟ್ಟು ನೋಡಬೇಕು. ಟಕ್ ಅಂತದ ಆದ್ರ ಮೆಟ್ಟಿಲು ಅಲಗಾಡವಲ್ದು ಅಂದ್ರ ರಿಲೇ (ಮೋಟರಿಗಿ ಕರೆಂಟ್ ಬಿಡೋ ಡಬ್ಬಿದಾಗಿನ ಸ್ವಿಚ್ಚು) ಕೆಲಸ ಮಾಡ್ಲಿಕತ್ತದ, ಮೋಟರಿಗಿ ಸಾಕಷ್ಟು ಕರೆಂಟ್ ಮುಟ್ಟವಲ್ದು, ಇಲ್ಲಾ ಎಲ್ಲೋ ಜಾಮ್ ಆಗ್ಯದ. ಮೋಟರ್ ಗುರ್ ಅಂತ ತಿರಗತದ ಮೆಟ್ಟಿಲು ಮಾತ್ರ ನಿಂತಲ್ಲೇ ಅದ ಅಂದ್ರ ಗೇರಿನ ಹಲ್ಲು ಹೋಗ್ಯಾವ, ಇಲ್ಲಾ ಕೈ ಜೋಡ್ಸೋ ಪಿನ್ನು ಮುರದದ, ಅದಕ್ಕ ಸಾಮಾನು ಬದಲಿ ಮಾಡಬೇಕಾಗತದ.

ಆಮ್ಯಾಲ ಬ್ಯಾಟರಿ. ನಮ್ಮ ಗಾಡಿದಾಗ ಎರಡು ಬ್ಯಾಟರಿ ಅವ, ಒಂದು ಇಂಜಿನ್ನಿಂದು, ಇನ್ನೊಂದು ಒಳಗಿನ ಲೈಟು ಫ್ಯಾನಿಂದು. ಮೆಟ್ಟಿಲು ಯಾವುದರ ಮ್ಯಾಲ ನಡೀತದ ಅಂತ ಕೇಳಿದ್ರು. ಭಾಳ ಮಂದಿಗಿ ಇದು ಗೊತ್ತಿರಂಗಿಲ್ಲ, ಒಳಗ ಲೈಟ್ ಝಗಝಗ ಉರೀತಾವ ಅಂದಮ್ಯಾಲ ಬ್ಯಾಟರಿ ಛಲೋನೇ ಅದ ಅಂತ ತಿಳ್ಕೋತಾರ, ಆದ್ರ ಮೆಟ್ಟಿಲಿನ ವಾಯರ್ ಇಂಜಿನ್ ಬ್ಯಾಟರಿಗಿ ಹೋಗಿರತದ. ನಮ್ಮದೂ ಇಂಜಿನ್ ಬ್ಯಾಟರಿ ಮ್ಯಾಲೇ ಇತ್ತು. ಮೀಟರ್ ಹಚ್ಚಿದ್ರ 12.6 ವೋಲ್ಟ್, ಅಂದ್ರ ತುಂಬಿದ ಬ್ಯಾಟರಿ. 12.2ಕ್ಕ ಬಂದ್ರ ಹತ್ತಿರ ಹತ್ತಿರ ಅರ್ಧ ಖಾಲಿ, 12ರ ಕೆಳಗ ಇಳಿದ್ರ ಮೊದಲು ಚಾರ್ಜ್ ಮಾಡ್ರಿ ಆಮ್ಯಾಲ ಮೆಟ್ಟಿಲಿನ ಮಾತು ಅಂದ್ರು. ಫ್ಯೂಜ್ ತೆಗೆದು ಕಣ್ಣಿಲೆ ನೋಡಿ ಬಿಡಲಿಲ್ಲ, ಟೆಸ್ಟ್ ಲ್ಯಾಂಪ್ ಎರಡೂ ಕಡೆ ಮುಟ್ಟಿಸಿ ನೋಡಿದ್ರು. ಅದರ ಗೂಡು ಸುಟ್ಟದೇನು, ಸಡಲ ಆಗ್ಯದೇನು ಅಂತನೂ ಬೆರಳಿಲೆ ಅಲಗಾಡಿಸಿ ನೋಡಿದ್ರು. ಎಲ್ಲಾ ಸರಿ.

ಇಲ್ಲಿಂದ ಮುಂದಿನ ಕೆಲಸ ನೋಡಿ ನನಗ ಇವರ ಮ್ಯಾಲ ಪೂರಾ ಭರೋಸಾ ಬಂತು. ಮೋಟರಿಂದು ಎರಡು ವಾಯರಿನ ಕಪ್ಲರ್ ಬಿಚ್ಚಿದ್ರು, ಬ್ಯಾಟರಿಯಿಂದ ಫ್ಯೂಜ್ ಹಾಕಿದ ಎರಡು ದಪ್ಪ ವಾಯರ್ ತಂದು ಡೈರೆಕ್ಟ್ ಮುಟ್ಟಿಸಿದ್ರು. ಮೆಟ್ಟಿಲು ಒಂದೇ ದಮ್ಮಿಗಿ ಹೊರಗ ಬಂತು. ವಾಯರ್ ಅದಲ ಬದಲ ಮಾಡಿ ಮುಟ್ಟಿಸಿದ್ರು, ಒಳಗ ಹೋಯ್ತು. ಅಂಗಡಿ ಹುಡುಗನ್ನ ಕರದು ಕೈಕಾಲು ದೂರ ಇಟ್ಕೋ ಅಂತ ಎರಡು ಸಲ ಹೇಳೇ ಮುಟ್ಟಿಸಿದ್ರು, ಯಾಕಂದ್ರ ಡೈರೆಕ್ಟ್ ಕೊಟ್ಟಾಗ ನಡುವ ಏನರೆ ಸಿಕ್ಕರ ನಿಲ್ಲಸೋ ಡಬ್ಬಿ ಇರಂಗಿಲ್ಲ, ಬೆರಳು ಸಿಕ್ಕರ ಹೋಯ್ತು. "ಮೋಟರ್ ಬೆಂಕಿ ಅದರಿ ಅಣ್ಣಾ, ಇದನ್ಯಾಕ ಬದಲಿ ಮಾಡ್ತೀರಿ" ಅಂದ್ರು. ಎರಡು ತುಂಡು ವಾಯರಿಲೆ ಎರಡು ನಿಮಿಷದಾಗ ಆಗೋ ಪರೀಕ್ಷಾ ಇದು. ಇದನ್ನ ಮಾಡದೆ ಮೋಟರ್ ಹೋಗ್ಯದ ಅನ್ನೋರ ಮಾತು ಕೇಳಲೇಬ್ಯಾಡ್ರಿ.

ಮತ್ತ ತಪ್ಪು ಎಲ್ಲದ? ಕಪ್ಲರ್ ಹೊಳ್ಳಿ ಹಾಕಿದ್ರು, ಮೀಟರಿನ ಎರಡು ಕಡ್ಡಿ ಮೆಟ್ಟಿಲಿಗಿ ಬರೋ ಪ್ಲಸ್ ಮೈನಸ್ಸಿಗಿ ಹಿಂದಿನಿಂದ ಚುಚ್ಚಿ ಹಿಡಿದ್ರು, ನನಗ ಬಾಗಿಲಾ ತೆಗೀ ಅಂದ್ರು. ಮೆಟ್ಟಿಲು ನಿಂತಿದ್ದಾಗ ಮೀಟರಿನ್ಯಾಗ 12.5 ತೋರಿಸ್ಲಿಕತ್ತಿತ್ತು, ಬಾಗಿಲಾ ತೆಗೆದು ಮೋಟರ್ ಎಳದ ಕೂಡ್ಲೆ 9.6ಕ್ಕ ಬಿತ್ತು. ನೋಡ್ರಿ, ಬ್ಯಾಟರಿ ಹತ್ರ ಪೂರಾ ಅದ, ಮೆಟ್ಟಿಲ ಹತ್ರ ಇಲ್ಲ, ನಡುವ ಯಾರೋ ತಿನ್ಲಿಕತ್ತಾರ ಅಂದ್ರು. ಸುಮ್ಮನ ನಿಂತ ಮೆಟ್ಟಿಲಿಗಿ ಮೀಟರ್ ಹಚ್ಚಿದ್ರ ಈ ತಪ್ಪು ಸಿಗಂಗೇ ಇಲ್ಲ, ಕರೆಂಟ್ ಹರಿಲಿಕತ್ತಾಗಲೇ ನೋಡಬೇಕು. ಟೆಸ್ಟ್ ಲ್ಯಾಂಪ್ ಕೂಡ ಇಲ್ಲಿ ಮೋಸ ಮಾಡತದ, ಸಣ್ಣ ಬಲ್ಬ್ ಎಳಿಯೋ ಕರೆಂಟ್ ಭಾಳ ಕಮ್ಮಿ, ಕೆಟ್ಟ ಜೋಡಿದಾಗೂ ಅದು ಛಲೋ ಉರೀತದ.

ತಿನ್ನೋದು ಪ್ಲಸ್ ಕಡೆನೋ ಮೈನಸ್ ಕಡೆನೋ ಅಂತ ಹಿಡಿಲಿಕ್ಕೆ ಒಂದು ಕಡ್ಡಿ ಬ್ಯಾಟರಿದ ಮೈನಸ್ ಕಂಬಕ್ಕ, ಇನ್ನೊಂದು ಮೆಟ್ಟಿಲಿನ ಮೈನಸ್ ವಾಯರಿಗಿ ಹಿಡದ್ರು. ಬಾಗಿಲಾ ತೆಗೆದ್ರ ಮೀಟರ್ 2.4 ತೋರಿಸ್ತು. ಎರಡೂ ಮೈನಸ್ಸೇ, ಅವುಗಳ ನಡುವ ಇರೋ ಫರಕ್ ಅರ್ಧ ವೋಲ್ಟೂ ದಾಟಬಾರ್ದು, 0.2 ಇದ್ರ ಭಾಳ ಛಲೋ. ಅಲ್ಲಿಗಿ ಅರ್ಥಿಂಗ್ (ಕರೆಂಟ್ ಬ್ಯಾಟರಿದ ಮೈನಸ್ಸಿಗಿ ಹೊಳ್ಳಿ ಹೋಗೋ ದಾರಿ) ಕೆಟ್ಟದ ಅಂತ ಪಕ್ಕಾ ಆಯ್ತು. ಇಂಜಿನ್ ಚಾಲೂ ಇದ್ದಾಗ ಯಾಕ ನಡೀತಿತ್ತು ಅಂತ ಆಗ ನನಗ ತಿಳೀತು, ಡೈನಮೋ 14 ವೋಲ್ಟಿನ ತನಕ ಕೊಡತದ, ಅದರಾಗ ಎರಡೂವರಿ ಹೋದ್ರೂ ಮೋಟರಿಗಿ ಹ್ಯಾಂಗೋ ಸಾಲತಿತ್ತು. ಫೋನಿನ್ಯಾಗ ನಾ ಕೇಳಿದ ಪ್ರಶ್ನಿಗಿ ಜವಾಬು ಇದೇ ಇತ್ತು.

ಉಸ್ತಾದರು ಗಾಡಿ ಕೆಳಗ ಗೋಣಿಚೀಲ ಹಾಕ್ಕೊಂಡು ಮಲ್ಕೊಂಡು ಮೈನಸ್ ವಾಯರ್ ಕೈಯಾಗ ಹಿಡ್ಕೊಂಡೇ ಅದರ ಗುಂಟ ಹೋದ್ರು. ಅದು ಚಾಸಿಗಿ (ಗಾಡಿ ಕೆಳಗಿನ ಕಬ್ಬಿಣದ ಚೌಕಟ್ಟಿಗಿ) ಒಂದು ಬೋಲ್ಟಿಲೆ ಬಿಗದಿತ್ತು. ಬೋಲ್ಟ್ ಬಿಚ್ಚಿ ನನ್ನನ್ನೂ ಬಗ್ಗಿ ನೋಡ್ರಿ ಅಂದ್ರು. ತುಕ್ಕು ಹಿಡೀಬಾರ್ದು ಅಂತ ಗಾಡಿ ಕೆಳಗ ಹೊಡೀತಾರಲ್ಲ ಕರಿ ಡಾಂಬರಿನಂಥ ಕೋಟಿಂಗು, ಬಾಡಿ ಕಟ್ಟಿದೋರು ಅದರ ಮ್ಯಾಲೇ ಥಿಂಬಲ್ (ವಾಯರಿನ ತುದಿಗಿ ಒತ್ತೋ ಲೋಹದ ಬಳಿ) ಇಟ್ಟು ಬಿಗದಿದ್ರು. ಬೋಲ್ಟಿನ ಸುತ್ತ ಒಂದು ಬಳಿಯಷ್ಟೇ ಕಬ್ಬಿಣ ಮುಟ್ಟಿತ್ತು, ಅದಕ್ಕೂ ಮಳಿ ನೀರು ಹೋಗಿ ಕೆಂಪಗ ತುಕ್ಕು ಹಿಡದಿತ್ತು. ಥಿಂಬಲ್ಲಿನ ಒಳಗ ವಾಯರಿನ ತಾಮ್ರ ಹಸಿರು ಬಣ್ಣಕ್ಕ ತಿರಗಿತ್ತು, ಬೆರಳಿಲೆ ಒತ್ತಿದ್ರ ಎಳಿ ಎಳಿ ಪುಡಿ ಆಗತಿತ್ತು. ಹೊಸ ಗಾಡಿ ಇದ್ದಾಗ ಇದು ನಡದದ, ಎರಡು ಮಳಿಗಾಲ ತಿಂದಮ್ಯಾಲ ಕೈ ಕೊಟ್ಟದ.

ಎಮರಿ ಪೇಪರಿಲೆ ಆ ಜಾಗ ಬೆಳ್ಳಗ ಹೊಳಿಯೋ ತನಕ ಉಜ್ಜಿದ್ರು. ವಾಯರ್ ಹಸಿರು ಆದಷ್ಟೂ ಕತ್ತರಿಸಿ ತೆಗೆದು ಮೊದಲಿಗಿಂತ ದಪ್ಪ ವಾಯರ್ ಹಾಕಿ, ಹೊಸ ಥಿಂಬಲ್ ಒತ್ತಿ, ಮ್ಯಾಲ ಬೆಸಿಗಿ ಹಾಕಿ, ಶಾಖ ಕೊಟ್ರ ಕುಗ್ಗೋ ಸ್ಲೀವ್ ಏರಿಸಿದ್ರು. ಚಾಸಿ ಮ್ಯಾಲೇ ನಂಬಬಾರ್ದು ಅಂತ ಇನ್ನೊಂದು ವಾಯರ್ ಸೀದಾ ಬ್ಯಾಟರಿದ ಮೈನಸ್ಸಿಗಿ ಎಳದ್ರು, ಇದನ್ನ ನಾ ಕೇಳಿರಲಿಲ್ಲ, ಅವರೇ ಮಾಡಿದ್ದು. ಬೋಲ್ಟ್ ಬಿಗದಮ್ಯಾಲ ಕೋಟಿಂಗ್ ಹೊಡೆದ್ರು. ಮೊದಲು ಕಬ್ಬಿಣ ಕಬ್ಬಿಣ ಮುಟ್ಟಬೇಕು, ಬಣ್ಣ ಆಮ್ಯಾಲ, ಬಾಡಿ ಕಟ್ಟಿದೋರು ಉಲ್ಟಾ ಮಾಡಿದ್ರು. ಮತ್ತ ಮೀಟರ್ ಹಚ್ಚಿ ತೋರಿಸಿದ್ರು, 2.4 ಇದ್ದದ್ದು 0.1ಕ್ಕ ಬಂದಿತ್ತು. ಕೆಲಸ ಆಯ್ತು ಅಂತ ಬಾಯಿಲೆ ಹೇಳೋದು ಬ್ಯಾರೆ, ಮೀಟರಿನ್ಯಾಗ ಮೊದಲಿಂದು ಆಮ್ಯಾಲಿಂದು ಎರಡೂ ತೋರಿಸೋದು ಬ್ಯಾರೆ. ನಮ್ಮ ಊರಾಗ ಹಿಂಗ ತೋರಿಸಿ ಕೆಲಸ ಮಾಡೋರು ಇದ್ದಾರ ಅಂತ ನನಗ ಭಾಳ ಅಭಿಮಾನ ಅನಿಸ್ತು.

ಮೆಟ್ಟಿಲು ಪೂರಾ ಹೊರಗ ಬರ್ಲಿಕತ್ತು, ಒಳಗೂ ಹೋಗ್ಲಿಕತ್ತು, ಆದ್ರ ಒಳಗ ಹೋಗುವಾಗ ಕಿರ್ ಅಂತ ಒಂದು ಸಪ್ಪಳ, ಸ್ವಲ್ಪ ತಡ. ನಾ ಇಷ್ಟಾದ್ರ ಸಾಕು ಅಂದೆ. ಸಾಕಾಗಂಗಿಲ್ಲ ಅಂದ್ರು ಉಸ್ತಾದರು. ನಮ್ಮ ಮೆಟ್ಟಿಲಿನ ಡಬ್ಬಿ ಎಲ್ಲಿ ನಿಲ್ಲಸಬೇಕು ಅಂತ ಹ್ಯಾಂಗ ತಿಳ್ಕೋತದ ಅಂದ್ರ ಮೋಟರ್ ಎಳಿಯೋ ಕರೆಂಟ್ ನೋಡಿ. ಮೆಟ್ಟಿಲು ಕೊನಿಗಿ ಮುಟ್ಟಿ ತಡೆ ಆದ ಕೂಡ್ಲೆ ಮೋಟರ್ ಜಾಸ್ತಿ ಕರೆಂಟ್ ಎಳೀತದ, ಆಗ ಡಬ್ಬಿ ಬಂದ್ ಮಾಡತದ. ಈಗ ಜಾಯಿಂಟಿನ್ಯಾಗ ಮಣ್ಣು ಕುಂತು ಬಿರುಸು ಆತಂದ್ರ ನಡುವೇ ಕರೆಂಟ್ ಏರತದ, ಡಬ್ಬಿ ಕೊನಿ ಮುಟ್ಟತು ಅಂತ ತಿಳ್ಕೊಂಡು ಅರ್ಧಕ್ಕೇ ನಿಲ್ಲಸತದ. ಅಂದ್ರ ವಾಯರಿಂಗ್ ಸರಿ ಇದ್ರೂ ಬರೇ ಮಣ್ಣಿನಿಂದ ಅದೇ ತಕರಾರು ಹೊಳ್ಳಿ ಬರತದ.

ನಮ್ಮ ಎರಿ ಮಣ್ಣಿನ ಗುಣ ಇಲ್ಲಿಯವರಿಗಿ ಹೇಳೋದೇ ಬ್ಯಾಡ. ಹಸಿ ಇದ್ದಾಗ ಚಪ್ಪಲಿಗಿ ಹತ್ತಿದ್ರ ಬಿಡಂಗಿಲ್ಲ, ಒಣಗಿದ್ರ ಸುಟ್ಟ ಇಟ್ಟಂಗಿ ಆದಂಗ ಆಗತದ. ಗಾಣಗಾಪುರ ದಾರಿದಾಗ ತೊಗರಿ ಹೊಲದ ಬಾಜು ಮಳ್ಯಾಗ ಗಾಡಿ ನಿಲ್ಲಸಿದ್ರ ಮೆಟ್ಟಿಲಿನ ಕೈಗೋಳ ನಡುವ ಆ ಮಣ್ಣು ಹೋಗಿ ಕುಂತು ಬಿಡತದ, ಆಮ್ಯಾಲ ಬಿಸಿಲು ಬಿತ್ತಂದ್ರ ಅಲ್ಲೇ ಗಟ್ಟಿ. ಅದರ ಮ್ಯಾಲ ಯಾರೋ ಸರ್ವಿಸಿಂಗಿನವರು ಗ್ರೀಸ್ ಹಚ್ಚಿದ್ರು. ಗ್ರೀಸ್ ಹಚ್ಚಿದ್ರ ಛಲೋ ಅಂತ ಎಲ್ಲರೂ ತಿಳೀತಾರ, ಆದ್ರ ಹೊರಗ ಗಾಳಿಗಿ ಬಿದ್ದಿರೋ ಜಾಯಿಂಟಿಗಿ ಗ್ರೀಸ್ ಹಚ್ಚಿದ್ರ ಧೂಳೆಲ್ಲಾ ಬಂದು ಅಂಟ್ಕೊಂಡು ಕರಿ ಹಿಟ್ಟು ಆಗತದ, ಅದೇ ಪಿನ್ನು ಬುಶ್ಶು ಸವಸತದ. ಹುಡುಗ ಸ್ಕ್ರೂಡ್ರೈವರಿಲೆ ಕೆರದಾಗ ಒಂದು ಹಿಡಿ ಬಂತು. ಬ್ರಶ್ಶಿಗಿ ಡೀಸೆಲ್ ಹಚ್ಚಿ ತಿಕ್ಕಿದ್ರು, ರಬ್ಬರಿಗೂ ಕಪ್ಲರಿಗೂ ಡೀಸೆಲ್ ತಾಕಬಾರ್ದು ಅಂತ ಪ್ಲಾಸ್ಟಿಕ್ ಚೀಲ ಕಟ್ಟಿದ್ರು, ಗಾಳಿ ಹೊಡೆದು ಒಣಗಿಸಿ ಸಿಲಿಕೋನ್ ಸ್ಪ್ರೇ ಹೊಡೆದ್ರು. ಸ್ಪ್ರೇ ಒಣಗತದ, ಅಂಟಂಗಿಲ್ಲ, ಧೂಳು ಕುಂದ್ರಂಗಿಲ್ಲ. ತಿಂಗಳಿಗೊಮ್ಮಿ ತೊಳದು ಒಣಗಿಸಿ ಹೊಡೀರಿ, ಮಳಿಗಾಲದಾಗ ಹೊಲದ ಕಡೆ ಹೋಗಿ ಬಂದ್ರ ಆವತ್ತೇ ತೊಳೀರಿ ಅಂದ್ರು. ವಾಟರ್ ಸರ್ವಿಸ್ ಮಾಡ್ಸುವಾಗ ಪ್ರೆಶರ್ ಪೈಪು ಮೋಟರಿಗಿ ಕಪ್ಲರಿಗಿ ಸೀದಾ ಹಿಡಿಬ್ಯಾಡ್ರಿ ಅಂತ ಅವರಿಗಿ ನೀವೇ ನಿಂತು ಹೇಳಬೇಕು, ಇಲ್ಲಂದ್ರ ಒಳಗ ನೀರು ಹೋಗಿ ಪಿನ್ನೆಲ್ಲಾ ಹಸಿರು.

ಇನ್ನ ಬಾಗಿಲ ಮ್ಯಾಗ್ನೆಟ್ಟಿಂದು. ನಮ್ಮ ಗಾಡಿದು ಕೆಡದಿದ್ರೂ ನೋಡೇಬಿಡ್ತೀನಿ ಅಂತ ನೋಡಿದ್ರು, ಕೆಟ್ಟ ರಸ್ತಾದಾಗ ಬಾಗಿಲಾ ಜೋತು ಬಿದ್ದು ಮ್ಯಾಗ್ನೆಟ್ಟು ಸ್ವಿಚ್ಚಿನಿಂದ ದೂರ ಸರಿಯೋದು ಸಾಮಾನ್ಯ ಅಂತ. ಚೌಕಟ್ಟಿನ್ಯಾಗ ಒಂದು ಸಣ್ಣ ಸ್ವಿಚ್ ಇರತದ, ಬಾಗಿಲಿನ್ಯಾಗ ಮ್ಯಾಗ್ನೆಟ್. ಬಾಗಿಲಾ ಹಾಕಿ ಮ್ಯಾಗ್ನೆಟ್ ಹತ್ರ ಬಂದ್ರ ಡಬ್ಬಿಗಿ ಬಾಗಿಲಾ ಹಾಕ್ಯದ ಅಂತ ಗೊತ್ತಾಗತದ. ಉಸ್ತಾದರ ಹತ್ರ ಹಳೇ ರೇಡಿಯೋ ಸ್ಪೀಕರಿಂದು ಒಂದು ಗುಂಡನೆ ಮ್ಯಾಗ್ನೆಟ್ ಅದ, ಬಾಗಿಲಾ ಪೂರಾ ತೆಗೆದಿಟ್ಟು ಆ ಮ್ಯಾಗ್ನೆಟ್ಟನ್ನ ಸ್ವಿಚ್ಚಿನ ಹತ್ರ ಒಯ್ದ್ರು, ಮೆಟ್ಟಿಲು ತಾನೇ ಒಳಗ ಸರೀತು. ಕೈ ಹಿಂದಕ್ಕ ತಗೊಂಡ್ರ ಹೊಳ್ಳಿ ಹೊರಗ ಬಂತು. ಹಿಂಗ ಮ್ಯಾಗ್ನೆಟ್ಟಿಗಿ ನಡೀತದ, ಬಾಗಿಲಿಗಿ ನಡಿಯಂಗಿಲ್ಲ ಅಂದ್ರ ಸ್ವಿಚ್ ಛಲೋ ಅದ, ಬಾಗಿಲ ಕಬ್ಜಾ ಸರಿ ಮಾಡ್ರಿ ಇಲ್ಲಾ ಮ್ಯಾಗ್ನೆಟ್ ಕೆಳಗ ತೆಳ್ಳಗ ಪ್ಯಾಕಿಂಗ್ ಕೊಟ್ಟು ಹತ್ರ ತರ್ರಿ. ಮನ್ಯಾಗ ಒಂದು ಮ್ಯಾಗ್ನೆಟ್ ಇದ್ರ ಯಾರರೆ ಮಾಡಿ ನೋಡಬಹುದು, ಮಕ್ಕಳು ಮೆಟ್ಟಿಲ ಮುಂದ ನಿಂತಿಲ್ಲ ಅಂತ ನೋಡ್ಕೊಂಡು ಮಾಡ್ರಿ.

ಒಳಗಿನ ಸ್ವಿಚ್ಚಿನ ಬಗ್ಗೆನೂ ಒಂದು ಮಾತು. ನಮ್ಮಂಥ ಮೆಟ್ಟಿಲಿಗಿ ಮೆಟ್ಟಿಲು ಹೊರಗ ಇದ್ದಾಗ ಸ್ವಿಚ್ ಬಂದ್ ಮಾಡಿದ್ರ ಅದು ಹೊರಗೇ ನಿಂತಿರತದ, ಬಾಗಿಲಾ ಎಷ್ಟು ಸಲ ಹಾಕಿ ತೆಗೆದ್ರೂ ಅಲಗಾಡಂಗಿಲ್ಲ. ಜಾತ್ರಿದಾಗ ಗಾಡಿ ನಿಲ್ಲಸಿದಾಗ ಇದು ಭಾಳ ಉಪಯೋಗ, ಮಕ್ಕಳು ಒಳಗ ಹೊರಗ ಓಡ್ಯಾಡ್ತಾವ, ಸಲಸಲಕ್ಕೂ ಮೆಟ್ಟಿಲು ಹೋಗಿ ಬಂದ್ರ ಕಾಲು ಸಿಗತದ. ಆದ್ರ ಯಾರೋ ಸ್ವಿಚ್ ಬಂದ್ ಮಾಡಿ ಇನ್ಯಾರೋ ಮೆಟ್ಟಿಲು ಕೆಟ್ಟದ ಅಂತ ಗಾಡಿ ತರೋದೂ ನಡೀತದಂತ, ಹಂಗಾಗಿ ಬ್ಯಾರೆ ಏನು ನೋಡೋದಕ್ಕಿಂತ ಮೊದಲು ಸ್ವಿಚ್ ನೋಡ್ರಿ.

ಮತ್ತ ಎಲ್ಲಕ್ಕಿಂತ ಗಂಭೀರ ಇದು. ಸ್ವಿಚ್ ಬಂದ್ ಇದ್ರೂ ಬಾಗಿಲಾ ಹಾಕಿ ಚಾವಿ ತಿರಗಿಸಿದ್ರ ಮೆಟ್ಟಿಲು ತಾನೇ ಒಳಗ ಹೋಗಬೇಕು, ಅದಕ್ಕಂತೇ ಚಾವಿಯಿಂದ ಒಂದು ಸಣ್ಣ ವಾಯರ್ ಡಬ್ಬಿಗಿ ಬಂದಿರತದ. ಕೆಲವು ಗಾಡಿದಾಗ ಮೆಟ್ಟಿಲು ಹೊರಗ ಇದ್ದಾಗ ಚಾವಿ ಹಾಕಿದ್ರ ಬಜರ್ ಹೊಡೀತದ. ಈ ವಾಯರಿನ ಫ್ಯೂಜ್ ಬ್ಯಾರೆ ಇರತದ, ಅದು ಹೋದ್ರ ಮೆಟ್ಟಿಲು ಉಳದದ್ದೆಲ್ಲಾ ಸರಿ ಮಾಡತದ, ಬರೇ ಗಾಡಿ ಹೊಂಟಾಗ ಒಳಗ ಹೋಗಂಗಿಲ್ಲ. ಮೆಟ್ಟಿಲು ಇರೋದು ಎಡಗಡಿ, ಅಂದ್ರ ರಸ್ತಾದ ಅಂಚಿಗಿ ಸೈಕಲ್ಲು, ಬೈಕು, ನಡಕೊಂಡು ಹೋಗೋ ಮಂದಿ ಇರೋ ಕಡೀಗೇ. ನಮ್ಮ ಊರಿನ ಸೂಪರ್ ಮಾರ್ಕೆಟ್ ಏರಿಯಾದ ಗದ್ದಲದಾಗ ಮೊಣಕಾಲಿನಷ್ಟು ಎತ್ತರಕ್ಕ ಕಬ್ಬಿಣದ ಮೆಟ್ಟಿಲು ಚಾಚ್ಕೊಂಡು ಗಾಡಿ ಹೊಂಟ್ರ ಏನಾಗತದ ವಿಚಾರ ಮಾಡ್ರಿ. ನಮ್ಮದು ಉಸ್ತಾದರು ಚೆಕ್ ಮಾಡಿದ್ರು, ಸರಿ ಇತ್ತು, ಆದ್ರೂ ಡ್ರೈವರ್ ಹತ್ರ ಡ್ಯಾಶ್‌ಬೋರ್ಡಿಗಿ ಒಂದು ಕೆಂಪು ಲೈಟ್ ಹಾಕ್ಸಿದೆ, ಮೆಟ್ಟಿಲು ಹೊರಗ ಇದ್ರ ಉರೀತದ. ಇದಕ್ಕ ಅವರು ಸಾಮಾನಿನ ರೊಕ್ಕ ಅಷ್ಟೇ ತಗೊಂಡ್ರು. ಕ್ಯಾರವಾನ್ ಇರೋರೆಲ್ಲಾ ಇದನ್ನ ಹಾಕ್ಸಲೇಬೇಕು ಅಂತ ಕೈ ಮುಗದು ಹೇಳ್ತೀನಿ.

ದಾರಿದಾಗೇ ಕೆಟ್ಟು ಮೆಟ್ಟಿಲು ಹೊರಗೇ ನಿಂತ್ರ ಏನು ಮಾಡಬೇಕು ಅಂತನೂ ಕೇಳಿದೆ. ಮೊದಲು ಮೆಟ್ಟಿಲಿನ ಫ್ಯೂಜ್ ತೆಗೀಬೇಕು, ಇಲ್ಲಂದ್ರ ಕೈ ಹಾಕಿದಾಗ ಒಮ್ಮಿಗೇ ನಡದು ಬಿಡತದ. ಆಮ್ಯಾಲ ಮೋಟರಿನ ಕೈ ಮೆಟ್ಟಿಲಿಗಿ ಸೇರೋ ಪಿನ್ನು ಬಿಚ್ಚಿದ್ರ ಮೆಟ್ಟಿಲು ಕೈಯಿಲೆ ಒಳಗ ತಳ್ಳಬಹುದು, ತಳ್ಳಿ ಗಟ್ಟಿ ಹಗ್ಗಾ ಇಲ್ಲಾ ಕಟ್ಟು ತಂತಿಲೆ ಚಾಸಿಗಿ ಬಿಗದು ಕಟ್ಟಬೇಕು. ಪಿನ್ನು ಬಿಚ್ಚದೆ ಬರೇ ಕಾಲಿಲೆ ಒದ್ದು ಒಳಗ ಹಾಕ್ಲಿಕ್ಕೆ ಹೋದ್ರ ಗೇರಿನ ಹಲ್ಲು ಮುರೀತಾವ, ಅಲ್ಲಿಗಿ ಸಣ್ಣ ರೊಕ್ಕದಾಗ ಆಗೋ ಕೆಲಸ ದೊಡ್ಡ ಖರ್ಚಿಗಿ ಹೋಗತದ. ಆ ಪಿನ್ನಿನ ಅಳತಿಗಿ ಒಂದು ಪಾನಾ, ಒಂದು ಪಕ್ಕಡ್, ನಾಲ್ಕು ಫ್ಯೂಜು ಗಾಡಿದಾಗ ಇಟ್ಕೋರಿ. ಫ್ಯೂಜ್ ಹೋಯ್ತು ಅಂತ ಅದಕ್ಕಿಂತ ದೊಡ್ಡದು ಹಾಕಬ್ಯಾಡ್ರಿ, ಬೆಳ್ಳಿ ಕಾಗದ ಸುತ್ತೋದು ತಂತಿ ಹಾಕೋದು ಅಂತೂ ಮಾಡಲೇಬ್ಯಾಡ್ರಿ, ಮ್ಯಾಲ ಮಂಚದಾಗ ಮಂದಿ ಮಲಗಿರತಾರ, ವಾಯರ್ ಕಾದು ಬೆಂಕಿ ಹತ್ತಿದ್ರ ಇಳಿಲಿಕ್ಕೂ ಟೈಮ್ ಇರಂಗಿಲ್ಲ.

ಮಜೂರಿ 800, ವಾಯರು ಥಿಂಬಲ್ಲು ಸ್ಪ್ರೇ ಸೇರಿ ಇನ್ನೊಂದು 650 ಆಯ್ತು. ನಾ ಜಾಸ್ತಿ ಕೊಡ್ಲಿಕ್ಕೆ ಹೋದ್ರ ತಗೊಳ್ಳಲಿಲ್ಲ. ಅವ್ವ ಗಾಡಿದಾಗೇ ಕುಂತಿದ್ದಳು, ಅಕಿಗಿ ನೀರು ಚಾ ಕೊಟ್ಟು, ಕೆಲಸ ಮುಗದಮ್ಯಾಲ "ಅಮ್ಮಾ ಒಮ್ಮಿ ಇಳದು ಹತ್ತಿ ತೋರಿಸ್ರಿ, ಭಾರ ಬಿದ್ದಾಗ ಹ್ಯಾಂಗ ನಿಲ್ಲತದ ನೋಡ್ತೀನಿ" ಅಂತ ಉಸ್ತಾದರು ಬಾಜುಕ ನಿಂತು ನೋಡಿದ್ರು. ಮ್ಯಾಲಿನ ಮೆಟ್ಟಿಲಿನ ಒಂದು ಬೋಲ್ಟ್ ಸಡಲ ಇದ್ದದ್ದು ಆಗ ಕಂಡು ಅದನ್ನೂ ಬಿಗದ್ರು.

ಅರ್ಧ ಸ್ಟಾರ್ ಕಮ್ಮಿ ಯಾಕಂದ್ರ ಫೋನ್ ಎತ್ತಂಗಿಲ್ಲ, ಟೈಮ್ ಕೊಟ್ರ ಆ ಟೈಮಿಗಿ ಆಗಂಗಿಲ್ಲ. ನಮ್ಮ ಗಾಡಿ ನಡುವ ಬಿಟ್ಟು ಒಂದು ಲಾರಿದ ಹೆಡ್‌ಲೈಟ್ ಮಾಡ್ಲಿಕ್ಕೆ ಹೋದ್ರು, ಲಾರಿಯವರು ರಾತ್ರಿ ಸೊಲ್ಲಾಪುರಕ್ಕ ಹೋಗಬೇಕಂತ, ಅದು ತಿಳೀತದ, ಆದ್ರೂ ವಯಸ್ಸಾದೋರನ್ನ ಕರ್ಕೊಂಡು ಬಂದೋರಿಗಿ ಕಾಯೋದು ಕಷ್ಟ. ಪಕ್ಕಾ ಬಿಲ್ ಕೊಡಂಗಿಲ್ಲ, ಚೀಟಿ ಬರದು ಕೊಡ್ತಾರ. ಕುಂದ್ರಲಿಕ್ಕೆ ನೆರಳಿಂದು ಒಂದು ಬೆಂಚ್ ಅಷ್ಟೇ ಅದ. ಮೆಟ್ಟಿಲಿನ ಕಂಟ್ರೋಲ್ ಡಬ್ಬಿ, ಗೇರು ಅಂಥ ಸ್ಪೇರ್ ಇವರ ಹತ್ರ ಇಲ್ಲ, ಅದು ಖರೇನೇ ಹೋಗಿದ್ರ ನೀವೇ ತರ್ಸಿ ಕೊಡಬೇಕು, ಹಾಕಿ ಕೊಡ್ತಾರ.

ಹೋಗೋರಿಗಿ ಎರಡು ಮಾತು. ತೊಗರಿ ರಾಶಿ ಸುಗ್ಗಿದಾಗ, ಡಿಸೆಂಬರ್ ಜನವರಿದಾಗ, ಗಂಜ್ ಮಾರ್ಕೆಟ್ಟಿಗಿ (ಕಾಳಿನ ಪ್ಯಾಟಿಗಿ) ಬರೋ ಟ್ರ್ಯಾಕ್ಟರ್ ಲಾರಿ ಭಾಳ ಇರತಾವ, ಆಗ ಇಡೀ ದಿನ ಕೈಯಾಗ ಇಟ್ಕೊಂಡೇ ಹೋಗ್ರಿ. ಶುಕ್ರವಾರ ಮಧ್ಯಾಹ್ನ ನಮಾಜಿಗಿ ಬಂದ್ ಇರತದ. ಬೇಸಿಗಿದಾಗ ಮುಂಜಾನಿ ಜಲ್ದಿ ಹೋಗ್ರಿ, ಮಧ್ಯಾಹ್ನ 42 ಡಿಗ್ರಿದಾಗ ಆ ತಗಡಿನ ಕೆಳಗ ಅವರೂ ಮಲ್ಕೊಂಡು ಕೆಲಸ ಮಾಡ್ಲಿಕ್ಕಾಗಂಗಿಲ್ಲ, ನಿಮಗೂ ನಿಲ್ಲಲಿಕ್ಕಾಗಂಗಿಲ್ಲ. ಬಾಡಿ ಕಟ್ಟಿದೋರು ವಾಯರಿಂಗ್ ಡಯಾಗ್ರಾಂ ಕೊಟ್ಟಿದ್ರ ಪ್ರಿಂಟ್ ತಗದು ಒಯ್ರಿ, ಮೊಬೈಲಿನ ಫೋಟೋ ಅವರಿಗಿ ಗಾಡಿ ಕೆಳಗ ಕಾಣಂಗಿಲ್ಲ. ಮತ್ತ ಗಾಡಿ ಕೆಳಗಿನ ಮಣ್ಣು ಮೊದಲೇ ತೊಳಿಸ್ಕೊಂಡು ಹೋದ್ರ ಅರ್ಧ ತಾಸು ಉಳೀತದ.